‘ಹಿನ್ನೆಲೆ ಲಕ್ಷಣ’, ‘ಆತಂಕವಾದಿ’, ‘ಬೇಜಾರು’: ಪದ ಬೇಕು

ಪ್ರಶ್ನೆ (ಶಿವಮೊಗ್ಗ)

ಬಲ್ಲವರಲ್ಲಿ ಒಂದು ವಿಚಾರಣೆ. ಹಿಂಸೆಗೆ ಇಳಿದು ಜೈಲು ಸೇರಿದ ಎಕ್ಸ್‌ಟ್ರೀಮಿಸ್ಟ್‌ಗಳ ಮಾನಸಿಕ ಆರೋಗ್ಯ ಕುರಿತ ವಿದೇಶಿ ಅಧ್ಯಯನಗಳ ಸಾರವನ್ನು ಜೈಲು ಸಿಬ್ಬಂದಿಯ ತರಬೇತಿಗೆಂದು ಕನ್ನಡದಲ್ಲಿ ಬರೆಯಲಾಗುತ್ತಿದೆ. ಸೋಗಾನೆ ಕೇಂದ್ರ ಕಾರಾಗೃಹದ ವಾರ್ಡರ್‌ಗೆ ಓದಿದ ಕೂಡಲೇ ತಿಳಿಯಬೇಕು, ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರಿಗೂ ತಪ್ಪು ಕಾಣಬಾರದು. ಕರಡಿನ ಶೀರ್ಷಿಕೆ ‘ಬಂಧಿತ ಹಿಂಸಾತ್ಮಕ ಉಗ್ರಗಾಮಿಗಳ ಹಿನ್ನೆಲೆ ಲಕ್ಷಣಗಳು’. ಏನೋ ಸರಿಯಿಲ್ಲ, ಎಲ್ಲಿ ಅಂತ ಹೊಳೆಯುತ್ತಿಲ್ಲ. ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ‘ಬೇಜಾರು’ ಬಳಸಬಹುದೇ?

ಉತ್ತರ (ತೀರ್ಥಹಳ್ಳಿ)

ಪೊಲೀಸರು ನಿನ್ನೆ ರಾತ್ರಿ ಹಿಡಿದವನೂ ಬಂಧಿತನೇ ಸಾರ್. ಇಲಾಖೆಯ ಮಾತನ್ನೇ ಹಿಡಿಯಿರಿ: ಸಜಾ ಬಂದಿ, ವಿಚಾರಣಾಧೀನ ಬಂದಿ. ದ-ಕಾರವೇ ಇರಲಿ, ಬಂದೀಖಾನೆಯಲ್ಲಿರುವುದೂ ಅದೇ. ‘ಬಂಧನ’ದ ಸಹವಾಸದಿಂದ ಪತ್ರಿಕೆಗಳಲ್ಲಿ ಧ ಸೇರಿಕೊಂಡಿದೆ. ವಿಚಾರಣಾಧೀನ ಬಂದಿಯನ್ನು ‘ಉಗ್ರ’ ಅಂತ ಬರೆದರೆ ತೀರ್ಪು ನಾವೇ ಕೊಟ್ಟ ಹಾಗೆ, ‘ಆರೋಪ ಹೊತ್ತ’ ಸೇರಿಸಬೇಕು.

‘ಉಗ್ರ’ದಲ್ಲೇ ಹಿಂಸೆ ಕೂತಿರುವಾಗ ‘ಹಿಂಸಾತ್ಮಕ’ ಯಾಕೆ? ಇಂಗ್ಲಿಷಿನ ‘ವಯಲೆಂಟ್ ಎಕ್ಸ್‌ಟ್ರೀಮಿಸ್ಟ್’ ಜೋಡಿಪದದಲ್ಲಿರುವುದು ಎರಡು ಸಂಗತಿ, ವಿಚಾರದ ಅತಿ ಒಂದು, ಹಿಂಸೆಯ ದಾರಿ ಇನ್ನೊಂದು. ‘ತೀವ್ರಗಾಮಿ’ ಹಾಕಿದರೆ 1907ರಲ್ಲಿ ಕಾಂಗ್ರೆಸ್ ಇಬ್ಭಾಗವಾದ ಸೂರತ್ ಒಡಕಿನ ಶಾಲಾಪಾಠ ಎದ್ದು ಬರುತ್ತದೆ. ಜೈಲಿನಲ್ಲಿದ್ದ ತೀವ್ರಗಾಮಿ ಅಂದರೆ ಮಂಡಾಲೆಯ ತಿಲಕರು! ‘ಭಯೋತ್ಪಾದಕ’ ಕಾನೂನಿನ ಮಾತು. ಭಯೋತ್ಪಾದಕ ಕೃತ್ಯಕ್ಕೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 15ನೇ ಕಲಮಿನಲ್ಲೂ ಭಾರತೀಯ ನ್ಯಾಯ ಸಂಹಿತೆಯ 113ರಲ್ಲೂ ವ್ಯಾಖ್ಯೆ ಇದೆ, ಎಕ್ಸ್‌ಟ್ರೀಮಿಸ್ಟ್‌ಗೆ ಇಲ್ಲ. ‘ಆತಂಕವಾದಿ’ ಹಿಂದಿಯಿಂದ ಬಂದದ್ದು. ಅಲ್ಲಿ ಆತಂಕ ಅಂದರೆ ಭೀತಿ, ನಮ್ಮಲ್ಲಿ ಮನಸ್ಸಿನ ಕಳವಳ. ನಿಮ್ಮ ಬರಹದಲ್ಲಿ ‘ಆತಂಕವಾದಿಗಳಲ್ಲಿ ಆತಂಕದ ಕಾಯಿಲೆ’ ಅನ್ನುವ ವಾಕ್ಯ ಬಂದೇ ಬರುತ್ತದೆ, ನಗೆಪಾಟಲು.

ಉದ್ದವಾದರೂ ‘ಹಿಂಸಾಮಾರ್ಗದ ತೀವ್ರವಾದಿ’ ಇರಲಿ. ನಮ್ಮ ಕಡೆಯ ಓದುಗರಿಗೆ ‘ಉಗ್ರ’ ಅಂದರೆ ಬಾಂಬು, ‘ನಕ್ಸಲ’ ಅಂದರೆ ಕಾಡು. ಹಾಗಾಗಿ ಅಧ್ಯಯನದಲ್ಲಿರುವವರು ಯಾವ ಸಿದ್ಧಾಂತದವರು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಉತ್ತರ (ಸಾಗರ)

ದೊಡ್ಡ ಅಪಾಯ ‘ಲಕ್ಷಣ’ದಲ್ಲಿದೆ. ವೈದ್ಯರ ಬಾಯಲ್ಲಿ ಅದು ರೋಗಲಕ್ಷಣ. ‘ಹಿನ್ನೆಲೆ ಲಕ್ಷಣಗಳು’ ಅಂತ ನಿರುದ್ಯೋಗ, ಶಾಲೆ ಬಿಟ್ಟದ್ದು ಬರೆದು, ಕೆಳಗೇ ‘ಮಾನಸಿಕ ಲಕ್ಷಣಗಳು’ ಅಂದರೆ ಶಾಲೆ ಬಿಟ್ಟ ಹುಡುಗರೆಲ್ಲ ರೋಗಿಗಳ ಸಾಲಿಗೆ ಬಿದ್ದರು. ಬರೀ ‘ಹಿನ್ನೆಲೆ’ ಅಂದರೆ ಠಾಣೆಯ ಭಾಷೆಯಲ್ಲಿ ಹಳೆಯ ಕೇಸು. ಸಂಬಂಧ ಬೆಳೆಸುವಾಗ ವಿಚಾರಿಸುತ್ತಾರಲ್ಲ, ‘ಪೂರ್ವಾಪರ’, ಅದು ಒಳ್ಳೆಯ ಪದ: ಮನೆತನ, ಓದು, ಕೆಲಸ, ನಡತೆ ಎಲ್ಲ ಅದರಲ್ಲಿದೆ.

‘ಮಾನಸಿಕ ಕಾಯಿಲೆ’ ಅನ್ನುವ ಮೊದಲು ಅಧ್ಯಯನ ಏನೇನನ್ನು ಎಣಿಸಿದೆ ನೋಡಿ. ಬೆಂಗಳೂರಿನ ಜೈಲಿನಲ್ಲಿ ನಿಮ್ಹಾನ್ಸ್‌ನವರು 5024 ಸಾಮಾನ್ಯ ಬಂದಿಗಳನ್ನು ಪರೀಕ್ಷಿಸಿದಾಗ ಕಾಯಿಲೆ ಅಥವಾ ವ್ಯಸನ ಇದ್ದವರು ಶೇ. 79.6, ವ್ಯಸನ ಬಿಟ್ಟರೆ ಶೇ. 27.6. ಒಂದೇ ಪದ, ಎರಡು ಲೆಕ್ಕ.

ಇನ್ನೊಂದು ಗುಂಡಿ ‘ಪಟ್ಟು’. ಭಯೋತ್ಪಾದಕರ ಬಗ್ಗೆ ಅಧ್ಯಯನ ಮಾಡಿದ ಕಾರ್ನರ್ ಮತ್ತು ಗಿಲ್ 2015ರಲ್ಲಿ ಕೊಟ್ಟ ಅಂಕಿ: ಒಂಟಿಯಾಗಿ ದಾಳಿ ಮಾಡಿದವರಲ್ಲಿ ಮಾನಸಿಕ ಕಾಯಿಲೆ ಇದ್ದವರು ಶೇ. 31.9, ಗುಂಪಿನವರಲ್ಲಿ ಶೇ. 3.4. ಅವರು ಹೇಳುವ 13.49 ‘ಆಡ್ಸ್’ ಲೆಕ್ಕದ್ದು, ಅಂದರೆ ಕಾಯಿಲೆ ಇರುವವರು ಮತ್ತು ಇಲ್ಲದವರ ಅನುಪಾತ ಒಂಟಿಯವರಲ್ಲಿ ಗುಂಪಿನವರಿಗಿಂತ ಅಷ್ಟು ಪಟ್ಟು. ‘13 ಪಟ್ಟು ಹೆಚ್ಚು ಜನ’ ಅಂತ ಬರೆದರೆ ತಪ್ಪು, ಶೇಕಡಾವಾರು ನೋಡಿದರೆ 9 ಪಟ್ಟು ಚಿಲ್ಲರೆ ಅಷ್ಟೇ. ‘ಇರುವ–ಇಲ್ಲದ ಅನುಪಾತ’ ಅನ್ನಿ. ಮೂರರಲ್ಲಿ ಎರಡು ಪಾಲು ಒಂಟಿ ದಾಳಿಕೋರರಲ್ಲಿ ಕಾಯಿಲೆ ಕಂಡಿಲ್ಲ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

‘ಸಿದ್ಧಾಂತದ ಭ್ರಮೆ’ ಭಾಷಣಕ್ಕೆ ಚೆಂದ, ಇಲ್ಲಿ ಬೇಡ. ಮನೋವೈದ್ಯರಿಗೆ ಭ್ರಮೆ ಚಿತ್ತವಿಕಲತೆಯ (ಸೈಕೋಸಿಸ್) ಗುರುತು. ಗುಂಪು ಹಂಚಿಕೊಂಡ ಹಠದ ನಂಬಿಕೆ ಬೇರೆ. ನಾರ್ವೆಯಲ್ಲಿ 2011ರಲ್ಲಿ 77 ಜನರನ್ನು ಕೊಂದ ಬ್ರೇವಿಕ್‌ನ ವಿಷಯದಲ್ಲಿ ಮನೋವೈದ್ಯರ ಎರಡು ತಂಡ ಜಗ್ಗಾಡಿದ್ದು ಇದರ ಮೇಲೆಯೇ. ಮೊದಲ ತಂಡ ಸ್ಕಿಜೋಫ್ರೇನಿಯಾ ಅಂದಿತು, ಎರಡನೆಯದು ಇಲ್ಲ ಅಂದಿತು; 2012ರಲ್ಲಿ ನ್ಯಾಯಾಲಯ ಅವನು ಹೊಣೆಗಾರನೇ ಎಂದು ತೀರ್ಮಾನಿಸಿತು. ‘ಅತಿನಂಬಿಕೆ’ ಆಗಬಹುದೇನೋ. ‘ಗೀಳು’ ಬೇಡ, ಅದು ಬೇರೆ ಕಾಯಿಲೆಯ ಹೆಸರು.

‘ಬೇಜಾರು’ ಖಂಡಿತ ಬೇಡ. ಆಷಾಢದ ಮಳೆಯಲ್ಲಿ ಆಗುಂಬೆ ಕಡೆ ಯಾರನ್ನು ಕೇಳಿದರೂ ಬೇಜಾರೇ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27, ಕಳೆದ ಎರಡು ವಾರದ ವಿಚಾರ. ಮೊದಲನೆಯದು ಆಸಕ್ತಿ ಬತ್ತಿದ್ದು, ಎರಡನೆಯದು ಮನಸ್ಸು ಕುಗ್ಗಿದ್ದು. ‘ಬೇಜಾರು’ ಎರಡಕ್ಕೂ ಹೊಂದುತ್ತದೆ, ಒಂದೇ ದೂರಿಗೆ ಎರಡು ಸಲ ಅಂಕ ಬೀಳುತ್ತದೆ. ‘ಯಾವುದರಲ್ಲೂ ಮನಸ್ಸಿಲ್ಲ’, ‘ಮನಸ್ಸು ಕುಗ್ಗಿದೆ’ ಅಂತ ಒಡೆಯಿರಿ. ಜೈಲಿನಲ್ಲಿ ಮಾಡಲು ಕೆಲಸವೇ ಇಲ್ಲದವನು ಮೊದಲನೆಯದಕ್ಕೆ ಹೌದು ಅನ್ನುವವನೇ. ಅದಕ್ಕೆ ಸಂದರ್ಶನ (ಮನೆಯವರ ಭೇಟಿ), ಪತ್ರಿಕೆ, ಕೇರಂ ಹೀಗೆ ಅಲ್ಲಿ ಸಿಗುವುದನ್ನು ಹೆಸರಿಸಿ ಕೇಳಬೇಕು. ಒಂಬತ್ತನೆಯದು ಸಾಯುವ ಅಥವಾ ನೋವು ಮಾಡಿಕೊಳ್ಳುವ ಯೋಚನೆ. ಅದನ್ನು ‘ಕೆಟ್ಟ ಯೋಚನೆ’ ಅಂತ ಮೆತ್ತಗೆ ಮಾಡಬೇಡಿ, ನೇರ ಕೇಳಿ. 0 ಬಿಟ್ಟು ಯಾವ ಅಂಕ ಬಂದರೂ ಅದೇ ದಿನ ವೈದ್ಯರಿಗೆ ತಿಳಿಸಬೇಕು ಅಂತ ಕೆಳಗೆ ಬರೆದಿಡಿ.

ಮರುಪ್ರಶ್ನೆ (ಶಿವಮೊಗ್ಗ)

ಉಪಕಾರವಾಯಿತು. ಶೀರ್ಷಿಕೆ ಈಗ ‘ಹಿಂಸಾಮಾರ್ಗದ ತೀವ್ರವಾದಿ ಸಜಾ ಬಂದಿಗಳು: ಪೂರ್ವಾಪರ ಮತ್ತು ಮಾನಸಿಕ ಆರೋಗ್ಯ’. ಆದರೆ ಪೂರ್ವ, ಅಪರ ಅಂದರೆ ಹಿಂದಿನದ್ದು, ಮುಂದಿನದ್ದು ಎರಡೂ ಆಯಿತಲ್ಲ? ಅಧ್ಯಯನ ನಿಲ್ಲುವುದು ಜೈಲಿನ ಬಾಗಿಲಿಗೆ. ‘ಪೂರ್ವವಿವರ’ ಅಂದರೆ ಸಾಗರದವರ ಒಪ್ಪಿಗೆ ಇದೆಯೇ?