ಕರ್ಜತ್‌ನಲ್ಲಿ ಎಂಜಿನ್ ಹಿಂದೆ ಯಾಕೆ ಹಾಕೋದು, ಮುಂದೆ ಹಾಕ್ಬಾರ್ದಾ?

ಡೊಂಬಿವಲಿ_ಕುಡ್ಲ: ಬೆಂಗ್ಳೂರಿಗೆ ಅಂತ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೆ, ಕೊನೇ ಡಬ್ಬಿ. ಕರ್ಜತ್‌ನಲ್ಲಿ ಎಲ್ರೂ ವಡಾಪಾವ್‌ಗೆ ಇಳಿದ್ರು, ಅಷ್ಟೊತ್ತಿಗೆ ಹಿಂದಿಂದ ಧಡ್ ಅಂತ ಒಂದು ಹೊಡೆತ, ಚಾ ಎಲ್ಲ ಅಂಗಿ ಮೇಲೆ. ಬಗ್ಗಿ ನೋಡಿದ್ರೆ ಎಂಜಿನ್‌ಗಳು ಬಂದು ಅಂಟಿಕೊಂಡಿವೆ. ಘಟ್ಟ ಹತ್ತಲಿಕ್ಕೆ ಅಂತ ಗೊತ್ತುಂಟು, ಆದ್ರೆ ಅಷ್ಟೂ ಎಂಜಿನ್ ಮುಂದೆಯೇ ಕಟ್ಟಿ ಎಳೀಬಹುದಲ್ಲ ಮಾರಾಯ್ರೆ, ಹಿಂದಿಂದ ನೂಕೋದು ಯಾಕೆ?

ಠಾಣೆವಾಲಾ: ಲೋನಾವಳಾದಲ್ಲಿ ಬಿಚ್ಚೋಕೆ ಸುಲಭ ಅಂತ. ಮುಂದೆ ಹಾಕಿದ್ರೆ ಶಂಟಿಂಗ್ ತಲೆನೋವು.

ಪಿಂಪ್ರಿ_ಧಾರವಾಡ: ಅದೂ ಖರೆ, ಆದ್ರ ಮುಖ್ಯ ಕಾರಣ ಕಪ್ಲಿಂಗ್ ರೀ, ಅಂದ್ರ ಡಬ್ಬಿಗೆ ಡಬ್ಬಿ ಜೋಡಿಸೋ ಕೊಂಡಿ. ಕರ್ಜತ್-ಲೋನಾವಳಾ ನಡುವಿನ ಭೋರ್ ಘಾಟ್ ಏರು 37ಕ್ಕ 1, ಅಂದ್ರ 37 ಮೀಟರ್ ಮುಂದ ಹೋದ್ರ 1 ಮೀಟರ್ ಮ್ಯಾಲ. ಗಾಡಿ 1000 ಟನ್ ಅಂತ ಹಿಡೀರಿ, ಹಿಂದಕ್ಕ ಜಗ್ಗೋ ಭಾರನ 27 ಟನ್ ಆತು, ತಿರುವಿನ ತಿಕ್ಕಾಟ ಬ್ಯಾರೆ. ಎಲ್ಲಾ ಎಂಜಿನ್ ಮುಂದ ಇದ್ರ ಈ ಪೂರಾ ಜಗ್ಗಾಟ ಮೊದಲನೇ ಡಬ್ಬಿ ಕಪ್ಲಿಂಗ್ ಒಂದರ ಮ್ಯಾಲೆ ಬೀಳ್ತೈತಿ. ಹಿಂದಿಂದ ನೂಕಿದ್ರ ಮುಂದಿನ ಒಂದಿಷ್ಟು ಡಬ್ಬಿ ಎಳೆಸ್ಕೊಂಡು ಹೋಗ್ತಾವು, ಉಳಿದವು ನೂಕಿಸ್ಕೊಂಡು, ನಡುವೆ ಎಲ್ಲೋ ಒಂದ್ ಕಪ್ಲಿಂಗ್‌ನಾಗ ಜಗ್ಗಾಟನೂ ಇಲ್ಲ ಒತ್ತಡನೂ ಇಲ್ಲ. ಮ್ಯಾಲೆ ಕಪ್ಲಿಂಗ್ ಹರಿದ್ರೂ ಹಿಂದಿನ ಭಾಗ ಕರ್ಜತ್ ಕಡೆ ಉರುಳಂಗಿಲ್ಲ, ಬ್ಯಾಂಕರ್ (ಹಿಂದಿಂದ ನೂಕೋ ಎಂಜಿನ್) ತಡದು ನಿಂತಿರ್ತೈತಿ. ಹೆಂಗೂ ಬ್ರೇಕಿನ ಗಾಳಿ ಪೈಪ್ ಹರಿದ್ರ ಬ್ರೇಕ್ ತಾನಾಗೇ ಹತ್ತತಾವು ಅನ್ನೋದು ಸರಿ, ಆದ್ರ ಘಾಟಿನಾಗ ಅದೊಂದನ್ನೇ ನಂಬಿ ಕೂಡೂ ಹಂಗಿಲ್ಲ.

ಡೊಂಬಿವಲಿ_ಕುಡ್ಲ: ಓ ಹಾಗೆ. ಈಗಿನ ಎಂಜಿನ್‌ಗೆ 6000 ಎಚ್‌ಪಿ ಮೇಲೆ ಉಂಟಲ್ಲ, ಒಂದೇ ಸಾಕಾಗೂದಿಲ್ವಾ?

ಪಿಂಪ್ರಿ_ಧಾರವಾಡ: ಎಚ್‌ಪಿ ಇದ್ದು ಏನ್ ಮಾಡ್ತೀರಿ, ಗಾಲಿ ಹಳಿ ಹಿಡೀಬೇಕಲ್ಲ. ಡಬ್ಲ್ಯೂಎಪಿ-7 ಅನ್ನೋ ಕರೆಂಟ್ ಎಂಜಿನ್ ತೂಕ 123 ಟನ್. ಮಳಿಗಾಲದಾಗ ಹಳಿ ತೊಯ್ದು ತೂಕದ ಐದನೇ ಒಂದ್ ಪಾಲು ಹಿಡಿತ ಸಿಕ್ರ ಸುಮಾರು 24 ಟನ್ ಜಗ್ಗಬಹುದು, ಬೇಕಾಗಿದ್ದು 27ರ ಮ್ಯಾಲೆ. ಮೋಟರ್ ತಿರುಗ್ತೈತಿ, ಗಾಲಿ ಜಾರ್ತೈತಿ, ಗಾಡಿ ನಿಂತಲ್ಲೇ. ಉಸುಕು ಬಿಟ್ಟು ಸಂಭಾಳಿಸ್ತಾರ, ಆದ್ರ ಏರಿನ ಮ್ಯಾಲೆ ಒಮ್ಮೆ ನಿಂತ್ರ ಮತ್ತ ಎಬ್ಬಿಸೋದು ಸುಲಭ ಅಲ್ಲ.

ಠಾಣೆವಾಲಾ: ಹಂಗಾದ್ರೆ ಸೋಲಾಪುರ ವಂದೇ ಭಾರತ್ ಬ್ಯಾಂಕರ್ ಇಲ್ದೆ ಹೆಂಗ್ ಹತ್ತುತ್ತೆ?

ಪಿಂಪ್ರಿ_ಧಾರವಾಡ: ಅದ್ಕ ಬ್ಯಾರೆ ಎಂಜಿನ್ನೇ ಇಲ್ಲಲ್ಲ, ಮೋಟರ್ ಎಲ್ಲಾ ಡಬ್ಬಿ ಬುಡದಾಗ ಹಂಚೈತಿ, ನಮ್ ಲೋಕಲ್‌ದಂಗ. ಅರ್ಧ ಅಚ್ಚಿಗೆ ಮೋಟರ್ ಐತಿ, ಅಂದ್ರ ಹೆಚ್ಚುಕಮ್ಮಿ ಅರ್ಧ ಗಾಡಿ ತೂಕ ಹಳಿ ಹಿಡಿಯೋ ಕೆಲಸಕ್ಕ ಬಂತು. ಆ ತೂಕದ 18ನೇ ಒಂದ್ ಪಾಲು ಹಿಡಿತ ಸಿಕ್ರೂ ಏರು ದಾಟ್ತೈತಿ, ಮಳಿ ಬಂದ್ರೂ ಚಿಂತಿಲ್ಲ. ನಾಶಿಕ್ ಕಡೆ ಹೋಗೋ ಕಸಾರಾ ಘಾಟ್ ಏರೂ 37ಕ್ಕ 1ನ, ಅಲ್ಲಿ ರಾಜಧಾನಿಗೆ 2019ರಿಂದ ಎರಡೂ ತುದಿಗೆ ಎಂಜಿನ್ ಇಟ್ಟು ಓಡಿಸಾಕತ್ತಾರ, ಬ್ಯಾಂಕರ್‌ಗೆ ಕಾಯೋ ಟೈಮ್ ಉಳಿತು.

ಡೊಂಬಿವಲಿ_ಕುಡ್ಲ: ಮತ್ತೆ ಇಳಿಯುವಾಗ?

ಪಿಂಪ್ರಿ_ಧಾರವಾಡ: ಇಳಿವಾಗ ಎಂಜಿನ್ ಮೋಟರ್‌ನ ಜನರೇಟರ್ ಆಗಿ ಕರೆಂಟ್ ತಂತಿಗೆ ವಾಪಸ್ ಕಳಸ್ತೈತಿ, ಅದ ಬ್ರೇಕು. ಅದೂ ಕೈಕೊಟ್ರ ಅಂತ ಅಲ್ಲಲ್ಲಿ ಕ್ಯಾಚ್ ಸೈಡಿಂಗ್ ಇಟ್ಟಾರ, ಹಿಡಿತ ತಪ್ಪಿದ ಗಾಡಿನ ಏರಿನ ಕಡೆ ತಿರುಗಿಸಿ ನಿಲ್ಲಸಾಕ. ಲೋನಾವಳಾದಿಂದ ಕೆಳಗ ಬರುವಾಗ ಕಿಟಕಿ ಕಡೆ ಕುಂತ್ರ ಕಾಣ್ತಾವ, ಮೇನ್ ಲೈನ್ ಬಿಟ್ಟು ಗುಡ್ಡದ ಮ್ಯಾಲಕ್ಕ ಹತ್ತಿ ಅಲ್ಲೇ ಮುಗಿಯೋ ಹಳಿ.