ಈಟಾ-ಸಿ ಫಾರ್ಮ್ ಫ್ಯಾಕ್ಟರ್: ಕ್ಯೂ-ಸ್ಕ್ವೇರ್ ಸೊನ್ನೆಯಲ್ಲಿ 1 ಬರುತ್ತಿಲ್ಲ, ಸಮತಟ್ಟು ಭಾಗವೂ (ಪ್ಲೇಟೋ) ಇಲ್ಲ

ಕುಂಬಳೆ ಹುಡುಗ:
ಎಂಎಸ್ಸಿ ಪ್ರಾಜೆಕ್ಟ್‌ಗೆ ಲ್ಯಾಟಿಸ್ ಕ್ಯೂಸಿಡಿಯಲ್ಲಿ (ಕ್ವಾರ್ಕ್‌ಗಳ ನಡುವಿನ ಬಲವನ್ನು ಬಿಂದುಗಳ ಜಾಲದ ಮೇಲೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿಧಾನ) ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣ ಸೇರಿದ ಈಟಾ-ಸಿ ಮೆಸಾನ್‌ನ ಫಾರ್ಮ್ ಫ್ಯಾಕ್ಟರ್, ಅಂದರೆ ಒಳಗೆ ಚಾರ್ಜ್ ಹೇಗೆ ಹರಡಿದೆ ಎಂದು ತೋರಿಸುವ ಫಲನ, ಲೆಕ್ಕ ಹಾಕುತ್ತಿದ್ದೇನೆ. ಕ್ಲೋವರ್ ಕ್ವಾರ್ಕ್ (ಕ್ವಾರ್ಕನ್ನು ಜಾಲದ ಮೇಲೆ ಬರೆಯುವ ಒಂದು ರೀತಿ), ಲ್ಯಾಟಿಸ್ ಅಂತರ 0.09 ಫೆರ್ಮಿ, ಕಾಲದ ದಿಕ್ಕಿನಲ್ಲಿ 48 ಬಿಂದು. ಸೋರ್ಸ್‌ನಿಂದ ಸಿಂಕ್‌ಗೆ (ಮೆಸಾನ್ ಹುಟ್ಟುವ ಬಿಂದುವಿನಿಂದ ಅಳಿಯುವ ಬಿಂದುವಿಗೆ) ಕಾಲದಲ್ಲಿ 8 ಹೆಜ್ಜೆ. ಚಾರ್ಜ್ ಅಳೆಯುವ ಲೋಕಲ್ (ಒಂದೇ ಬಿಂದುವಿನ) ವೆಕ್ಟರ್ ಕರೆಂಟನ್ನು ಒಂದೇ ಕ್ವಾರ್ಕ್‌ಗೆ ಹಾಕಿದ್ದೇನೆ. ಮಾಸ್ ಸರಿಯಾಗಿದೆ. ಆದರೆ ಕ್ಯೂ-ಸ್ಕ್ವೇರ್ (ಮೆಸಾನ್‌ಗೆ ಕೊಟ್ಟ ಸಂವೇಗದ ವರ್ಗ) ಸೊನ್ನೆಯಲ್ಲಿ 1ರ ಬದಲು ಸುಮಾರು 1.3 ಬರುತ್ತದೆ. ಬೇರೆ ಕಡೆ, ಫಾರ್ಮ್ ಫ್ಯಾಕ್ಟರ್ ಕೊಡಬೇಕಾದ ರೇಶಿಯೋ (ಕರೆಂಟ್ ಇರುವ ಮತ್ತು ಇಲ್ಲದ ಲೆಕ್ಕಗಳ ಅನುಪಾತ) ಎಲ್ಲೂ ಸಮತಟ್ಟಾಗುವುದಿಲ್ಲ. ಕಾನ್ಫಿಗರೇಶನ್ (ಸರಾಸರಿಗೆ ಬಳಸುವ ಜಾಲದ ಮಾದರಿಗಳು) ಹೆಚ್ಚಿಸಿದರೆ ಎರರ್ ಬಾರ್ ಸಣ್ಣದಾಗುತ್ತದೆ, ಬಾಗು ಹಾಗೇ ಇರುತ್ತದೆ. ಮಳೆಗಾಲ ಬೇರೆ, ವಿದ್ಯುತ್ ನಂಬುವಂತಿಲ್ಲ. ಸುಮ್ನೆ ದೊಡ್ಡ ರನ್ ಹಾಕಲು ಮನಸ್ಸಿಲ್ಲ. ಎಲ್ಲಿ ನೋಡಬೇಕು?

ಉಪ್ಪಳದಕ್ಕ:
1.3ರ ಬಗ್ಗೆ ಹೆದರಬೇಡ ತಮ್ಮಾ. ಲೋಕಲ್ ಕರೆಂಟ್ ಲ್ಯಾಟಿಸ್ ಮೇಲೆ ಪೂರ್ತಿ ಸಂರಕ್ಷಿತವಲ್ಲ, ಅದಕ್ಕೆ ಜ಼ಡ್-ವಿ ಎಂಬ ತಿದ್ದುವ ಗುಣಕ ಬೇಕು. ಮೆಸಾನ್ ಒಳಗೆ ಆ ಕ್ವಾರ್ಕ್ ಒಂದೇ ಇರುವುದು, ಸೊನ್ನೆಯಲ್ಲಿ 1 ಆಗಲೇಬೇಕು. ಹಾಗಾಗಿ ಎಲ್ಲವನ್ನೂ ಆ 1.3ರಿಂದಲೇ ಭಾಗಿಸು. ಜಾಕ್‌ನೈಫ್ ಸ್ಯಾಂಪಲ್ (ಎರರ್ ಅಂದಾಜಿಗೆ ಒಂದೊಂದು ಕಾನ್ಫಿಗರೇಶನ್ ಬಿಟ್ಟು ತೆಗೆದ ಸರಾಸರಿ) ಒಳಗೇ ಭಾಗಿಸು, ಸರಾಸರಿ ತೆಗೆದ ಮೇಲೆ ಅಲ್ಲ. ಹಗುರ ಕ್ವಾರ್ಕ್‌ನ ಜ಼ಡ್-ವಿ ತಂದು ಹಾಕಬೇಡ. ನಿನ್ನ ಅಂತರದಲ್ಲಿ ಚಾರ್ಮ್ ಮಾಸ್ ಲ್ಯಾಟಿಸ್ ಏಕಮಾನದಲ್ಲಿ ಸುಮಾರು 0.6. ಅದು ಸಣ್ಣದಲ್ಲ, ಲ್ಯಾಟಿಸ್ ದೋಷದಿಂದ ಗುಣಕ ಬದಲಾಗುತ್ತದೆ.

ನಿಜವಾದ ತೊಂದರೆ ಆ 8 ಹೆಜ್ಜೆ. ಈಟಾ-ಸಿ 2.98 ಜಿಇವಿ, ಮೇಲಿನ 2ಎಸ್ ಸ್ಥಿತಿ (ಅದರ ಮೊದಲ ಉದ್ರೇಕಿತ ಸ್ಥಿತಿ) 3.64. ಶಕ್ತಿಯ ಅಂತರ ಸುಮಾರು 0.65 ಜಿಇವಿ, ಲ್ಯಾಟಿಸ್ ಏಕಮಾನದಲ್ಲಿ ಹೆಜ್ಜೆಗೆ 0.3. ನಡುಮಧ್ಯದಲ್ಲಿ 4 ಹೆಜ್ಜೆ ದಾಟಿದರೂ ಮೇಲಿನ ಸ್ಥಿತಿಯ ಘಾತ 0.3ಕ್ಕೆ ಮಾತ್ರ ಇಳಿದಿರುತ್ತದೆ. ಸಿಂಕನ್ನು 16 ಹೆಜ್ಜೆ ದೂರ ಇಟ್ಟರೆ ನಡುವೆ ಅದು 0.09. ಡಿ ಮೆಸಾನ್ (ಒಂದು ಚಾರ್ಮ್, ಒಂದು ಹಗುರ ಕ್ವಾರ್ಕ್) ಆಗಿದ್ದರೆ ದೂರ ಹೋದಷ್ಟೂ ನಾಯ್ಸ್ ಏರುತ್ತಿತ್ತು. ನಿಂತ ಈಟಾ-ಸಿಗೆ ಆ ಕಾಟ ತುಂಬಾ ಕಡಿಮೆ, ಈ ಅನುಕೂಲ ಬಿಡಬೇಡ. ಫಾರ್ವರ್ಡ್ ಪ್ರೊಪಗೇಟರ್ (ಸೋರ್ಸ್‌ನಿಂದ ಹೊರಟ ಕ್ವಾರ್ಕ್‌ನ ಲೆಕ್ಕ) ಡಿಸ್ಕ್‌ನಲ್ಲಿ ಇದೆ ಅಲ್ವಾ? ಹಾಗಿದ್ದರೆ ಸೀಕ್ವೆನ್ಶಿಯಲ್ ಇನ್ವರ್ಶನ್ (ಸಿಂಕ್ ಮೂಲಕ ಕರೆಂಟ್‌ವರೆಗಿನ ಲೆಕ್ಕ) ಮಾತ್ರ ಹೊಸದು.

ಆಮೇಲೂ ಬಾಗಿದ್ದರೆ ಸ್ಮಿಯರಿಂಗ್ (ಸೋರ್ಸನ್ನು ಒಂದು ಬಿಂದುವಿನಿಂದ ಸುತ್ತ ಹರಡುವುದು) ನೋಡು. ಈಟಾ-ಸಿಯ ತ್ರಿಜ್ಯ ಕಾಲು ಫೆರ್ಮಿಯಷ್ಟೇ. ಪಯಾನ್‌ಗೆ ಹೊಂದಿಸಿದ ಅಗಲ ಇದಕ್ಕೆ ಜಾಸ್ತಿಯಾಗುತ್ತದೆ. ಆದರೆ ಸೋರ್ಸ್ ಬದಲಿಸಿದರೆ ಫಾರ್ವರ್ಡ್ ಕೂಡ ಮತ್ತೆ ಓಡಿಸಬೇಕು, ಅದಕ್ಕೇ ಕೊನೆಗೆ ಹೇಳಿದೆ.

ಕುಂಬಳೆ ಹುಡುಗ:
ಅಕ್ಕಾ, ಸ್ವಲ್ಪ ಕಾನ್ಫಿಗರೇಶನ್‌ಗಳಲ್ಲಿ 16 ಹಾಕಿದೆ. ನಡುವೆ ಚೆನ್ನಾಗಿ ಸಮತಟ್ಟಾಗಿದೆ! ಹಳೆಯ ಫಾರ್ವರ್ಡ್ ಫೈಲ್‌ಗಳೇ ಸಾಕಾದವು. ಭಾಗಿಸಿದ ಮೇಲೆ ಎರರ್ ಕೂಡ ಇಳಿಯಿತು. ಈಗ ತ್ರಿಜ್ಯಕ್ಕೆ ಫಿಟ್ ಮಾಡಲೇ?

ಉಪ್ಪಳದಕ್ಕ:
ಮೊದಲು 12 ಕೂಡ ಓಡಿಸು. 12 ಮತ್ತು 16 ಎರರ್ ಒಳಗೆ ಹೊಂದಿದರೆ ಫಿಟ್ ಮಾಡು. ಇಲ್ಲದಿದ್ದರೆ ಎರಡನ್ನೂ ಸೇರಿಸಿ ಎರಡು ಸ್ಥಿತಿಯ ಫಿಟ್ ಹಾಕು.