ಭಟ್ಟಿ ಇಳಿಸುವಾಗ ಮೊದಲು ಬರುವುದಕ್ಕೆ, ನಡುವೆ ಬರುವುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಶುರು ಮಾಡಿದೆ, ಬರೆಯುತ್ತಾ ಐದಾರಾಯಿತು. ಸ್ವಲ್ಪ ಉದ್ದವಿದೆ, ಪುರುಸೊತ್ತಾದಾಗ ಪೂರ್ತಿ ಓದಿ ಉತ್ತರ ಕೊಡಿ.

ನಾನು ಕೆಲಸಕ್ಕೆ ಕಾರವಾರದಲ್ಲಿದ್ದೇನೆ. ಏಪ್ರಿಲ್‌ನಲ್ಲಿ ಮಂಡ್ಯ ಕಡೆಯಿಂದ ನಮ್ಮ ಸೋದರಮಾವ ಬಂದಿದ್ದರು. ಗಡಿ ದಾಟಿ ಗೋವಾಕ್ಕೆ ಹೋದರೆ ಒಂದು ಗೇರು ತೋಟದಲ್ಲಿ ಫೆನಿ, ಅಂದರೆ ಗೇರು ಹಣ್ಣಿನ ರಸದಿಂದ ಇಳಿಸುವ ಮದ್ಯ, ಮಾಡುವುದನ್ನು ಮೊದಲಿಂದ ಕೊನೆವರೆಗೆ ತೋರಿಸುತ್ತಾರೆ, ಕೊನೆಗೆ ರುಚಿಗೂ ಕೊಡುತ್ತಾರೆ. ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ತೋರಿಸುವವರು ಕೊಂಕಣಿ, ಇಂಗ್ಲಿಷ್ ಎರಡರಲ್ಲೂ ಹೇಳುತ್ತಿದ್ದರು. ಮಾವನಿಗೆ ಎರಡೂ ಬರುವುದಿಲ್ಲ, ಹಾಗಾಗಿ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೊರಡುವಾಗ ತೋಟದ ಯಜಮಾನರು, ಹುಬ್ಬಳ್ಳಿ ಬೆಳಗಾವಿ ಕಡೆಯಿಂದ ಜನ ತುಂಬಾ ಬರ್ತಾರೆ, ಅವರಿಗೆ ಕೊಡೋಕೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಅಂದರು. ಒಪ್ಪಿಕೊಂಡೆ. ಈಗ ಬರೆಯಲು ಕೂತರೆ ಕೆಲವು ಕಡೆ ಪದ ಸಿಗುತ್ತಿಲ್ಲ. ಕೆಲವು ಕಡೆ ಎರಡೆರಡು ಸಿಗುತ್ತಿವೆ, ಯಾವುದು ಸರಿ ಗೊತ್ತಾಗುತ್ತಿಲ್ಲ.

ಮೊದಲನೆಯದು ಭಟ್ಟಿ. ಕೆಲವರು ಬಟ್ಟಿ ಅಂತ ಬರೆಯುತ್ತಾರೆ, ಕೆಲವರು ಭಟ್ಟಿ ಅಂತ. ಪತ್ರಿಕೆಗಳಲ್ಲಿ ಎರಡೂ ಇವೆ. ಮೂಲ ನೋಡಿದರೆ ಸಂಸ್ಕೃತದ ಭ್ರಾಷ್ಟ್ರ, ಅಂದರೆ ಕಾಳು ಹುರಿಯುವ ಬಾಣಲೆ ಅಥವಾ ಒಲೆ. ಅದು ಪ್ರಾಕೃತದಲ್ಲಿ ಸವೆದು ಹಿಂದಿ ಮರಾಠಿ ದಾರಿಯಲ್ಲಿ ನಮ್ಮ ಕಡೆಗೂ ಬಂದಿದೆ. ಹಾಗಾಗಿ ನಾನು ಭಟ್ಟಿ ಅಂತಲೇ ಬರೆಯುತ್ತೇನೆ. ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮಂಡಕ್ಕಿ ಭಟ್ಟಿ ಅಂದರೆ ಊರಿಗೆಲ್ಲ ಗೊತ್ತು. ಬಿಸಿ ಮರಳಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುವ ಆ ಒಲೆಗೆ ಭಟ್ಟಿ ಅನ್ನುವುದು ಪದದ ಹಳೆಯ ಅರ್ಥಕ್ಕೆ ಎಷ್ಟು ಹತ್ತಿರ ನೋಡಿ. ಸುಣ್ಣದ ಭಟ್ಟಿ, ಇಟ್ಟಿಗೆ ಭಟ್ಟಿ ಕೂಡ ಇವೆ. ಭಟ್ಟಿ ಅಂದರೆ ಒಲೆ, ಅಷ್ಟೇ.

ಆದರೆ ಒಂದು ತೊಡಕಿದೆ. ಈಗ ಭಟ್ಟಿ ಅಂದ ತಕ್ಷಣ ಜನರಿಗೆ ನೆನಪಾಗುವುದು ಕಳ್ಳಭಟ್ಟಿ. ಅಬಕಾರಿಯವರು ಕಾಡಲ್ಲಿ ಕೊಡ ಒಡೆದ ಫೋಟೊ ಕಣ್ಣ ಮುಂದೆ ಬರುತ್ತದೆ. ಕಳ್ಳಭಟ್ಟಿ ಕುಡಿದು ಸತ್ತರು ಅಂತಲೂ ಬರೆಯುತ್ತಾರೆ, ಅಂದರೆ ಒಲೆಯ ಹೆಸರು ಅದರಲ್ಲಿ ಇಳಿದ ಸಾರಾಯಿಗೇ ಅಂಟಿಕೊಂಡಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ಈ ಪದ ಕೇಳಿಬರುವುದೆಲ್ಲ ದಾಳಿಯ ಸುದ್ದಿಯಲ್ಲೇ. ಗೋವಾದಲ್ಲಿ ಹಾಗಿಲ್ಲ. ಗೇರು ಫೆನಿಗೆ 2009ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಆ ನೆಲದ್ದೇ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ, ಕೊಂಕಣಿಯವರು ಭಟ್ಟಿ ಅನ್ನುವ ಅದೇ ಪದವನ್ನು ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ನನ್ನ ಹಾಳೆಯಲ್ಲಿ ಏನು ಬರೆಯಲಿ? ಡಿಸ್ಟಿಲರಿ ಅನ್ನಬಹುದು, ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ನಾವು ನೋಡಿದ್ದು ಸೋಗೆ ಹೊದಿಸಿದ ಒಂದು ಮಾಡು, ಒಂದು ಒಲೆ, ಒಂದು ತಾಮ್ರದ ಹಂಡೆ. ಡಿಸ್ಟಿಲರಿ ಅಂದರೆ ಸಕ್ಕರೆ ಕಾರ್ಖಾನೆ ಪಕ್ಕದಲ್ಲಿ ಕಾಕಂಬಿಯಿಂದ ಸ್ಪಿರಿಟ್ ಮಾಡುವ ದೊಡ್ಡ ಚಿಮಣಿ ಕಣ್ಣಿಗೆ ಬರುತ್ತದೆ. ಮದ್ಯ ತಯಾರಿಕಾ ಘಟಕ ಅಂತ ಬರೆದರೆ ನೋಟಿಸ್ ಓದಿದ ಹಾಗಿರುತ್ತದೆ.

ಮಾವ ಒಳಗೆ ಕಾಲಿಟ್ಟ ತಕ್ಷಣ ಅಂದದ್ದು, ಇದು ನಮ್ಮ ಆಲೆಮನೆ ಥರಾನೇ ಅಲ್ವಾ ಅಂತ. ಅವರು ಇಪ್ಪತ್ತು ವರ್ಷ ಆಲೆಮನೆ ನಡೆಸಿದವರು. ಅವತ್ತಿನಿಂದ ನನ್ನ ತಲೆಯಲ್ಲಿರುವ ಪದ ಭಟ್ಟಿಮನೆ. ಆಲೆಮನೆ, ಅಡುಗೆಮನೆ ಇದ್ದ ಹಾಗೆ ಭಟ್ಟಿಮನೆ. ಮನೆ ಸೇರಿದರೆ ಕಳ್ಳಭಟ್ಟಿಯ ನೆರಳು ಬೀಳುವುದಿಲ್ಲ ಅನಿಸುತ್ತದೆ. ನಿಮಗೆ ಹೇಗೆ ಕೇಳಿಸುತ್ತದೆ? ಯಾರಾದರೂ ಈಗಾಗಲೇ ಹೀಗೆ ಬಳಸುವುದನ್ನು ಕೇಳಿದ್ದೀರಾ?

ಎರಡನೆಯದು ಇಳಿಸು. ಭಟ್ಟಿ ಇಳಿಸು ಅನ್ನುವಾಗ ಏನನ್ನು ಎಲ್ಲಿಂದ ಇಳಿಸುತ್ತೇವೆ? ಒಲೆಯ ಮೇಲಿನ ಪಾತ್ರೆ ಇಳಿಸುತ್ತೇವಲ್ಲ, ಆ ಇಳಿಸುವುದೋ? ಮರದಿಂದ ಕಳ್ಳು ಇಳಿಸುತ್ತಾರಲ್ಲ, ಅದೋ? ಅಥವಾ ಮೇಲೆದ್ದ ಆವಿ ತಣ್ಣಗಾಗಿ ಹನಿಹನಿಯಾಗಿ ಕೆಳಗಿಳಿಯುತ್ತದಲ್ಲ, ಅದೋ? ನನಗೆ ಕೊನೆಯದೇ ಸರಿ ಅನಿಸುತ್ತದೆ. ಇಂಗ್ಲಿಷಿನ ಡಿಸ್ಟಿಲ್ ಕೂಡ ಲ್ಯಾಟಿನ್ನಿನಲ್ಲಿ ಕೆಳಗೆ ತೊಟ್ಟಿಕ್ಕು ಅನ್ನುವ ಅರ್ಥದಿಂದಲೇ ಬಂದದ್ದು. ಅರಬ್ಬಿಯವರು ಅದೇ ಹನಿಯನ್ನು ನೋಡಿ ಅರಕ್, ಅಂದರೆ ಬೆವರು, ಅಂದರು. ಅದೇ ಅರಾಕ್ ಆಗಿ ಊರೂರು ಸುತ್ತಿತು. ಆದರೆ ಕಳ್ಳು ಇಳಿಸುವುದೇ ಮೊದಲಿದ್ದು, ಅದನ್ನೇ ಸಾರಾಯಿಗೂ ಹಚ್ಚಿದರು ಅಂತ ಯಾರಾದರೂ ಹೇಳಿದರೆ ಅದನ್ನೂ ತಳ್ಳಿಹಾಕಲಾರೆ. ಹಳೆಯ ಪ್ರಯೋಗ ಸಿಕ್ಕರೆ ದಯವಿಟ್ಟು ಕಳಿಸಿ.

ಭಟ್ಟಿ ಇಳಿಸುವುದಕ್ಕೆ ಪಠ್ಯಪುಸ್ತಕದಲ್ಲಿರುವ ಆಸವನ ಅನ್ನುವ ಪದ ಮಾತ್ರ ನನಗೆ ಬೇಡ. ಕಷ್ಟದ ಪದ ಅಂತಲ್ಲ, ಅದು ಅರ್ಥವನ್ನೇ ಅಡ್ಡದಾರಿಗೆ ಎಳೆಯುತ್ತದೆ. ಆಯುರ್ವೇದದಲ್ಲಿ ಆಸವ, ಅರಿಷ್ಟ ಅಂದರೆ ಹುದುಗು ಬರಿಸಿ ಮಾಡಿದ್ದು. ದ್ರಾಕ್ಷಾಸವ, ದಶಮೂಲಾರಿಷ್ಟ ಯಾವುದನ್ನೂ ಭಟ್ಟಿ ಇಳಿಸುವುದಿಲ್ಲ. ಭಟ್ಟಿ ಇಳಿಸಿದ್ದಕ್ಕೆ ಅವರು ಅರ್ಕ ಅನ್ನುತ್ತಾರೆ. ನಮ್ಮ ಜನರಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಕಳ್ಳು ಹೆಂಡ ಒಂದು ಕಡೆ, ಸಾರಾಯಿ ಇನ್ನೊಂದು ಕಡೆ. ಹುದುಗುವುದಕ್ಕೂ ಇಳಿಸುವುದಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿರುವ ಭಾಷೆಗೆ ಎರಡನ್ನೂ ಕಲಸುವ ಪದವನ್ನು ಯಾಕೆ ತರಬೇಕು?

ಈಗ ನನ್ನ ಮುಖ್ಯ ಪ್ರಶ್ನೆ. ಅದಕ್ಕೆ ಸ್ವಲ್ಪ ಅಲ್ಲಿನ ಕೆಲಸ ಹೇಳಬೇಕು.

ಗೇರು ಹಣ್ಣನ್ನು ಮರದಿಂದ ಕೀಳುವುದಿಲ್ಲ. ಮಾಗಿ ತಾನಾಗಿ ಬಿದ್ದದ್ದನ್ನೇ ಆರಿಸುತ್ತಾರೆ. ಬೀಜ ತಿರುಚಿ ತೆಗೆದು, ಕೊಳಂಬಿ ಅನ್ನುವ ಕಲ್ಲಿನ ತೊಟ್ಟಿಯಲ್ಲಿ ಹಾಕಿ ಕಾಲಲ್ಲಿ ತುಳಿಯುತ್ತಾರೆ. ಉಳಿದ ಹಿಪ್ಪೆಯನ್ನು ಗುಡ್ಡೆ ಮಾಡಿ ಬಳ್ಳಿ ಸುತ್ತಿ ಮೇಲೆ ಕಲ್ಲು ಹೇರಿದರೆ ತಿಳಿಯಾಗಿ ರಸ ತೊಟ್ಟಿಕ್ಕುತ್ತದೆ. ಅದು ನೀರೊ, ಹಾಗೇ ಕುಡಿಯುವುದಕ್ಕೆ. ತುಳಿದ ರಸವನ್ನು ಮೂರು ದಿನದ ಮಟ್ಟಿಗೆ ಹುದುಗಲು ಬಿಡುತ್ತಾರೆ, ಹೊರಗಿನಿಂದ ಏನೂ ಸೇರಿಸುವುದಿಲ್ಲ. ಆಮೇಲೆ ಭಾಣ, ಅಂದರೆ ಒಲೆಯ ಮೇಲಿನ ಹಂಡೆ. ನಮ್ಮ ಭಾಂಡದ ನೆಂಟ ಇರಬೇಕು. ಅದರ ಬಾಯಿಗೆ ಮರದ ಮುಚ್ಚಳ ಇಟ್ಟು ಬಟ್ಟೆ ಸುತ್ತಿ ಹುತ್ತದ ಮಣ್ಣು ಮೆತ್ತುತ್ತಾರೆ. ಅಲ್ಲಿಂದ ಕೊಳವೆ ಲಾವ್ಣಿಗೆ ಹೋಗುತ್ತದೆ. ಲಾವ್ಣಿ ನೀರಲ್ಲಿ ಕೂತ ಇನ್ನೊಂದು ಪಾತ್ರೆ, ಆವಿ ಅಲ್ಲಿ ಹನಿಯಾಗುತ್ತದೆ.

ಮೊದಲ ಸಲ ಇಳಿದದ್ದು ಉರಾಕ್. ಶೇಕಡ 15ರ ಆಸುಪಾಸು ಮದ್ಯಸಾರ ಇರುತ್ತದೆ, ಗೇರು ಹಣ್ಣಿನ ಕಾಲದ ಎರಡು ಮೂರು ತಿಂಗಳಷ್ಟೇ ಸಿಗುವುದು. ಅದನ್ನು ಹುದುಗಿದ ರಸದ ಜೊತೆ ಬೆರೆಸಿ ಮತ್ತೆ ಇಳಿಸಿದರೆ ಫೆನಿ, ಶೇಕಡ 42ರಿಂದ 45. ಇವು ಎಷ್ಟನೇ ಸಲ ಇಳಿಸಿದ್ದು ಅನ್ನುವುದರ ಮೇಲೆ ಬಂದ ಹೆಸರುಗಳು, ಕೊಂಕಣಿಯಲ್ಲಿ ಗಟ್ಟಿಯಾಗಿ ನಿಂತಿವೆ, ಕಾರವಾರ ಅಂಕೋಲಾದವರಿಗೂ ಗೊತ್ತು. ಅವನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ನಾನು ಸಿಕ್ಕಿಕೊಂಡದ್ದು ಬೇರೆ ಕಡೆ. ಒಂದೇ ಸಲ ಇಳಿಸುವಾಗಲೂ ಮೊದಲು ಬರುವುದು, ನಡುವೆ ಬರುವುದು, ಕೊನೆಗೆ ಬರುವುದು ಒಂದೇ ಥರ ಇರುವುದಿಲ್ಲ. ಬೇಗ ಆವಿಯಾಗುವ ಈಥೈಲ್ ಅಸಿಟೇಟ್, ಅಸಿಟಾಲ್ಡಿಹೈಡ್ ಮೊದಲಲ್ಲೇ ಜಾಸ್ತಿ ಬರುತ್ತವೆ, ಉಗುರು ಬಣ್ಣ ತೆಗೆಯುವ ನೀರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಕೊನೆಗೆ ಬರುವುದರಲ್ಲಿ ನೀರು ಜಾಸ್ತಿ, ಎಣ್ಣೆಯಂಥ ಭಾರದ ಅಂಶಗಳು ಜಾಸ್ತಿ, ಒದ್ದೆ ರಟ್ಟಿನ ಮುಗ್ಗಲು ವಾಸನೆ. ನಡುವಿನದೇ ಬೇಕಾದ್ದು. ಇಂಗ್ಲಿಷಿನಲ್ಲಿ ಇವಕ್ಕೆ ಹೆಡ್ಸ್, ಹಾರ್ಟ್ಸ್, ಟೇಲ್ಸ್ ಅನ್ನುತ್ತಾರೆ. ನಾನು ಮಾವನಿಗೆ ತಲೆ, ಎದೆ, ಬಾಲ ಅಂತ ಹೇಳಿಬಿಟ್ಟೆ. ಅವರಿಗೆ ಏನೂ ತಿಳಿಯಲಿಲ್ಲ. ಮತ್ತೆ ಬಿಡಿಸಿ ಹೇಳಿದೆ. ಅವರು ಕೊಳವೆಯ ತುದಿಗೆ ಬಗ್ಗಿ ಮೂಸಿ ನೋಡಿ, "ಅಷ್ಟೇ ತಾನೆ? ಹದ ಬರೋವರ್ಗೂ ಇಳ್ದಿದ್ದು ಬ್ಯಾಡ, ಹದ ತಪ್ಪಿದ್ ಮೇಲೂ ಬ್ಯಾಡ ಅನ್ನು" ಅಂದರು.

ಹದ! ನಾನು ಹುಡುಕುತ್ತಿದ್ದ ಪದ ಅದೇ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವನ ಕೆಲಸ ಪೂರ್ತಿ ಅದೇ, ಪಾಕ ಹದಕ್ಕೆ ಬಂದ ಗಳಿಗೆ ಹಿಡಿಯುವುದು. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಭಟ್ಟಿಯ ಮುಂದೆ ಕೂತವರ ಕೆಲಸವೂ ಅದೇ. ಅವರು ಥರ್ಮಾಮೀಟರ್ ನೋಡುತ್ತಿರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಸ್ವಲ್ಪ ಹಿಡಿದು ಎತ್ತರದಿಂದ ಸಣ್ಣ ಬಾಟಲಿಗೆ ಸುರಿದು, ಮೇಲೆ ಎದ್ದ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತಿದ್ದರು. ಮಣಿ ಪೋಣಿಸಿದ ಹಾಗೆ ಗುಳ್ಳೆಗಳು ಅಂಚಿಗೆ ಸಾಲಾಗಿ ನಿಂತವು. ಮಾವ ತಲೆ ಆಡಿಸಿದರು. ಅವರು ಪಾಕವನ್ನು ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುವಾಗ ಮುಖ ಹೀಗೇ ಇರುತ್ತಿತ್ತು. (ಫೆನಿ ಅನ್ನುವ ಹೆಸರೇ ನೊರೆ ಅನ್ನುವ ಅರ್ಥದ ಫೇನದಿಂದ ಬಂತು ಅನ್ನುತ್ತಾರೆ. ಮದುವೆಮನೆಯಲ್ಲಿ ಬಾದಾಮಿ ಹಾಲು ಹಾಕಿಕೊಂಡು ತಿನ್ನುವ ನಮ್ಮ ಫೇಣಿಯನ್ನೂ ಅದಕ್ಕೇ ಸೇರಿಸುತ್ತಾರೆ.)

ಹಾಗಾಗಿ ನನ್ನ ಸಲಹೆ: ನಡುವಿನದು ಹದದ ಇಳಿ. ಮೊದಲಿನದು ಮೊದಲಿಳಿ, ಕೊನೆಯದು ಕಡೆಯಿಳಿ. ತೆಂಗಿನಕಾಯಿ ಹಿಂಡುವಾಗ ಮೊದಲ ಹಾಲು, ಎರಡನೇ ಹಾಲು ಅನ್ನುತ್ತೇವಲ್ಲ, ಅದೇ ಜಾಡು. ಆದರೆ ಅಲ್ಲಿ ಮೊದಲನೆಯದೇ ಒಳ್ಳೆಯದು, ಇಲ್ಲಿ ಮೊದಲನೆಯದನ್ನೇ ತೆಗೆದಿಡಬೇಕು, ಇದರಿಂದ ಓದುವವರಿಗೆ ಗೊಂದಲವಾಗಬಹುದು ಅನ್ನುವ ಅಳುಕು ನನಗಿದೆ. ಉತ್ತರ ಕನ್ನಡದ ಹಳ್ಳಿಗಳಲ್ಲಿ, ಜೋಯಿಡಾ ಕಡೆ, ಕರಾವಳಿಯಲ್ಲಿ ಹಿಂದೆ ಈ ಕೆಲಸ ಕಂಡವರು ಏನು ಪದ ಬಳಸುತ್ತಿದ್ದರು? ಮನೆಯಲ್ಲಿ ವಯಸ್ಸಾದವರಿದ್ದರೆ ಕೇಳಿ ನೋಡಿ. ಯಾವ ಊರು, ಹೇಗೆ ಹೇಳುತ್ತಾರೆ ಅನ್ನುವುದನ್ನು ಅವರು ಹೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ.

ಕೊನೆಯದು ರುಚಿಯ ಮಾತು. ಟೇಸ್ಟಿಂಗ್ ಅನ್ನುವುದಕ್ಕೆ ಆಸ್ವಾದನೆ ಅಂತ ಬರೆಯುವವರಿದ್ದಾರೆ. ನನಗೆ ರುಚಿ ನೋಡುವುದು ಸಾಕು. ಸಾರಿಗೆ ಉಪ್ಪು ಹುಳಿ ಸರಿಯಿದೆಯಾ ಅಂತ ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡುತ್ತೇವಲ್ಲ, ಅದರಲ್ಲಿ ಅಳೆಯುವ ಅರ್ಥ ಇದೆ, ಕುಡಿಯುವ ಅರ್ಥ ಇಲ್ಲ. ಅಲ್ಲೂ ಹಾಗೇ ಮಾಡಿಸಿದರು. ಅಂಗೈಗೆ ನಾಲ್ಕು ಹನಿ ಫೆನಿ ಹಾಕಿ, ಎರಡೂ ಕೈ ಉಜ್ಜಿ, ಘಾಟು ಹೋಗುವ ತನಕ ಬಿಟ್ಟು ಆಮೇಲೆ ಮೂಸಲು ಹೇಳಿದರು. ನನಗೆ ಕೊಳೆಯುತ್ತಿರುವ ಹಣ್ಣಿನ ಸಿಹಿ ಮಾತ್ರ ಗೊತ್ತಾಯಿತು. ಮಾವ ಎರಡು ಸಲ ಮೂಸಿ, "ಅವರೆಕಾಯ್ ಸೊಗಡಿದ್ದಂಗೈತೆ" ಅಂದರು. ಎರಡರ ವಾಸನೆ ಒಂದೇ ಅಂತಲ್ಲ, ಕೈಗೆ ಅಂಟಿ ಕೂರುವ ರೀತಿ ಒಂದೇ ಅಂತ. ಸಂಜೆ ಊಟಕ್ಕೆ ಕೂತಾಗಲೂ ನನ್ನ ಬೆರಳಲ್ಲಿ ಇತ್ತು.

ಸೊಗಡು ಅನ್ನುವ ಪದವನ್ನು ಮಣ್ಣಿನ ಸೊಗಡು, ಹಳ್ಳಿಯ ಸೊಗಡು ಅಂತ ಬಳಸಿ ಬಳಸಿ ನಾವು ಅದರ ಮೂಗನ್ನೇ ಮರೆತಿದ್ದೇವೆ. ಚಳಿಗಾಲದ ಅವರೆಕಾಯಿ ಬಿಡಿಸಿದವರಿಗೆ ಅದು ನಿಜವಾದ ವಾಸನೆ. ಕಂಪು ಅಲ್ಲ, ನಾತವೂ ಅಲ್ಲ. ಸೊಗಡು ಇದ್ದರೇ ಕಾಯಿ ಚೆನ್ನ. ಫೆನಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಕಾಣುತ್ತಿಲ್ಲ. ಘಾಟು, ಕಮಟು, ಮುಗ್ಗಲು, ಒಗರು, ಇಷ್ಟೆಲ್ಲ ಪದ ನಮ್ಮ ಅಡುಗೆಮನೆಯಲ್ಲೇ ಇವೆ. ಒಗರು ಅಂತೂ ಗೇರು ಹಣ್ಣು ಕಚ್ಚಿ ಗಂಟಲು ಹಿಡಿಸಿಕೊಂಡ ಯಾವ ಹುಡುಗನಿಗೂ ವಿವರಿಸಬೇಕಾಗಿಲ್ಲ.

ಇಷ್ಟಿದ್ದರೂ ಒಂದಕ್ಕೆ ನನ್ನ ಹತ್ತಿರ ಪದ ಇಲ್ಲ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಸಿಹಿ ಬರುತ್ತದಲ್ಲ, ಅಂಥದ್ದು. ಎಲ್ಲರಿಗೂ ಗೊತ್ತಿರುವ ಅನುಭವ, ಹೆಸರು ಮಾತ್ರ ನನಗೆ ಸಿಕ್ಕಿಲ್ಲ. ಕಡೆರುಚಿ ಅಂದರೆ ಕೊನೆ ದರ್ಜೆಯ ರುಚಿ ಅಂತ ಕೇಳಿಸುತ್ತದೆ. ನಿಮ್ಮ ಊರಲ್ಲಿ ಯಾರಾದರೂ ಏನಾದರೂ ಅನ್ನುತ್ತಾರಾ?

ಉರಾಕ್ ಕಾಲ ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಶುರುವಾಗುತ್ತದೆ. ಜನವರಿ ಒಳಗೆ ಹಾಳೆ ಬರೆದು ಅಚ್ಚಿಗೆ ಕೊಡಬೇಕು. ಅಷ್ಟರೊಳಗೆ ತಿಳಿಸಿ.